ಕೊಲೆಗಾರ ಸಿಕ್ಕಿದ, ಗುಲ್ಲೆಬ್ಬಿಸಿದವರು ಎಲ್ಲಿ?

ಈಗಿನ ಮಕ್ಕಳು ಪುಸ್ತಕ ಮುಟ್ಟುವುದಿಲ್ಲ ಎಂದು ಸಭೆಗಳಲ್ಲಿ ಗೋಳಾಡುವವರನ್ನು ಒಮ್ಮೆ ನಮ್ಮ ಪಿಯು ಕಾಲೇಜಿನ ಕೊನೆಯ ಬೆಂಚಿಗೆ ಕರೆದುಕೊಂಡು ಹೋಗಬೇಕು. ಕೆಮಿಸ್ಟ್ರಿ ರೆಕಾರ್ಡಿನ ಮರೆಯಲ್ಲಿ ಒಂದು ದಪ್ಪ ಇಂಗ್ಲಿಷ್ ಕಾದಂಬರಿ ಇರುತ್ತದೆ. ಬೆಂಗಳೂರಿನ ಫುಟ್‌ಪಾತಿನಲ್ಲಿ ಕೊಂಡ ನಕಲಿ ಪ್ರತಿ, ಅಂಟು ಬಿಟ್ಟು ಹಾಳೆ ಉದುರುತ್ತಿರುತ್ತದೆ. ಒಬ್ಬಳು ಓದಿ ಮುಗಿಸುವ ಮೊದಲೇ ಇನ್ನಿಬ್ಬರು ಸರದಿ ಹಿಡಿದಿರುತ್ತಾರೆ. ತುಮಕೂರಿನಲ್ಲಿ ಕನ್ನಡ ಪಾಠ ಮಾಡಿಕೊಂಡಿರುವ ನನಗೆ ಇದನ್ನು ಕಂಡರೆ ಸಂತೋಷಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚು. ನಾನು ಓದಿ ಎಂದು ಹೇಳಿದ ಯಾವ ಪುಸ್ತಕದ ಹಾಳೆಯೂ ಈವರೆಗೆ ಹೀಗೆ ಉದುರಿಲ್ಲ.

ಕೊನೆಯ ಬೆಂಚಿನ ಆ ಇಂಗ್ಲಿಷ್ ಕಾದಂಬರಿಗಳಲ್ಲಿ ಎರಡು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಅಮೆರಿಕದ ಕ್ಯಾರೆನ್ ಮೆಕ್‌ಮ್ಯಾನಸ್ ಅವರ 'ಒನ್ ಆಫ್ ಅಸ್ ಈಸ್ ಲೈಯಿಂಗ್' 2017ರದ್ದು. ಇಂಗ್ಲೆಂಡಿನ ಹಾಲಿ ಜಾಕ್ಸನ್ ಅವರ 'ಎ ಗುಡ್ ಗರ್ಲ್ಸ್ ಗೈಡ್ ಟು ಮರ್ಡರ್' 2019ರದ್ದು. ಎರಡನೆಯದನ್ನು ಬಿಬಿಸಿ 2024ರಲ್ಲಿ ಧಾರಾವಾಹಿ ಮಾಡಿತು, ನೆಟ್‌ಫ್ಲಿಕ್ಸ್‌ಗೂ ಅದು ಬಂದ ಮೇಲೆ ಪುಸ್ತಕದ ಸರದಿ ಇನ್ನೂ ಉದ್ದವಾಯಿತು. ಎರಡೂ ಹದಿಹರೆಯದವರಿಗೆಂದೇ ಬರೆದ ಥ್ರಿಲ್ಲರ್‌ಗಳು. ಎರಡರಲ್ಲೂ ಕೊಲೆಯೊಂದು ನೆಪ, ನಿಜವಾದ ಕಥೆ ಅಪವಾದದ್ದು. ಇನ್ನೂ ಓದದವರು ಕ್ಷಮಿಸಬೇಕು, ಒಂದೆರಡು ಗುಟ್ಟು ಬಿಟ್ಟುಕೊಡದೆ ನನ್ನ ಮಾತು ಮುಂದೆ ಹೋಗುವುದಿಲ್ಲ. ಕೊಲೆ ಮಾಡಿದವರ ಹೆಸರನ್ನಂತೂ ಹೇಳುವುದಿಲ್ಲ.

ಮೊದಲನೆಯದರಲ್ಲಿ ಬೇವ್ಯೂ ಎಂಬ ಊರಿನ ಹೈಸ್ಕೂಲು. ತರಗತಿಗೆ ಮೊಬೈಲು ತಂದಿದ್ದಕ್ಕೆ ಐವರಿಗೆ ಶಾಲೆ ಬಿಟ್ಟ ಮೇಲೂ ಕೂರುವ ಶಿಕ್ಷೆ. ಆ ಮೊಬೈಲು ತಮ್ಮದಲ್ಲ, ಯಾರೋ ಬ್ಯಾಗಿನಲ್ಲಿ ಹಾಕಿದ್ದಾರೆ ಎಂದರೂ ಮೇಷ್ಟ್ರು ಕೇಳುವುದಿಲ್ಲ. ಐವರಲ್ಲಿ ಸೈಮನ್ ಎಂಬವನು ಶಾಲೆಯ ಎಲ್ಲರ ಗುಟ್ಟನ್ನು ಬಯಲು ಮಾಡುವ ಆ್ಯಪ್ ನಡೆಸುವವನು. ಅಲ್ಲಿಯೇ ನೀರು ಕುಡಿದು, ಕಡಲೆಕಾಯಿ ಅಲರ್ಜಿಯಿಂದ ಕುಸಿದು ಸಾಯುತ್ತಾನೆ. (ಕಡಲೆಕಾಯಿ ತಿಂದೇ ಬೆಳೆದ ನಮ್ಮ ಪಾವಗಡದ ಕಡೆಯ ಹುಡುಗರಿಗೆ ಈ ಅಲರ್ಜಿಯನ್ನು ನಂಬಿಸುವುದೇ ಒಂದು ಪಾಠ.) ಉಳಿದ ನಾಲ್ವರ ಗುಟ್ಟುಗಳನ್ನೂ ಅವನು ಇನ್ನೇನು ಪ್ರಕಟಿಸುವವನಿದ್ದ. ಅಷ್ಟಾದರೆ ಸಾಕಲ್ಲ, ನಾಲ್ವರೂ ಕೊಲೆಗಾರರು.

ಈ ಕಾದಂಬರಿಯಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಣ್ಣ ತಿರುವು. ಸೈಮನ್‌ನ ಆ್ಯಪ್‌ನಲ್ಲಿ ಬಂದದ್ದು ಯಾವತ್ತೂ ಸುಳ್ಳಾಗುವುದಿಲ್ಲ ಎಂಬುದು ಆ ಶಾಲೆಯ ನಂಬಿಕೆ. ಎಲ್ಲರೂ ಅವನಿಗೆ ಹೆದರುವುದು ಅದಕ್ಕೇ. ಕೂಪರ್ ಎಂಬ ಬೇಸ್‌ಬಾಲ್ ಆಟಗಾರ ಸ್ಟೆರಾಯ್ಡ್ ತೆಗೆದುಕೊಳ್ಳುತ್ತಾನೆ ಎಂಬ ಸುದ್ದಿ ಹೊರಬಿದ್ದಾಗ ಯಾರೂ ಎರಡನೇ ಸಲ ಯೋಚಿಸುವುದಿಲ್ಲ. ಆದರೆ ಅದು ಸುಳ್ಳು. ಸೈಮನ್ ಮೊದಲು ಬರೆದಿಟ್ಟಿದ್ದ ಗುಟ್ಟೇ ಬೇರೆ: ಕೂಪರ್‌ಗೆ ಒಬ್ಬ ಹುಡುಗನ ಮೇಲೆ ಪ್ರೀತಿ. ಅದನ್ನು ಮುಚ್ಚಿ ಅದರ ಜಾಗದಲ್ಲಿ ಈ ಸುಳ್ಳನ್ನು ತಂದಿಟ್ಟಿದ್ದಾರೆ. ಹತ್ತು ನಿಜಗಳಿಂದ ಗಳಿಸಿದ ನಂಬಿಕೆಯನ್ನು ಹನ್ನೊಂದನೆಯ ಸುಳ್ಳಿಗೆ ಖರ್ಚು ಮಾಡುವುದು. ಚಾಡಿಕೋರರೆಲ್ಲ ನಡೆಸುವುದು ಇದೇ ವ್ಯವಹಾರ. ಬರೀ ಸುಳ್ಳು ಹೇಳುವವನನ್ನು ಊರು ಬೇಗ ಕೈಬಿಡುತ್ತದೆ.

ಎರಡನೆಯ ಪುಸ್ತಕ ಇನ್ನೂ ಹತ್ತಿರದ್ದು, ಆರೋಪ ಹೊತ್ತವನು ಭಾರತೀಯ ಮೂಲದ ಹುಡುಗ. ಲಿಟಲ್ ಕಿಲ್ಟನ್ ಎಂಬ ಪುಟ್ಟ ಊರಿನಲ್ಲಿ ಆ್ಯಂಡಿ ಬೆಲ್ ಎಂಬ ಹುಡುಗಿ ಕಾಣೆಯಾಗಿದ್ದಾಳೆ. ಅವಳ ಗೆಳೆಯ ಸಾಲ್ ಸಿಂಗ್‌ನ ಫೋನಿನಿಂದ ಅವನ ತಂದೆಗೆ ತಪ್ಪೊಪ್ಪಿಗೆಯ ಒಂದು ಮೆಸೇಜು ಹೋಗಿದೆ, ಅವನ ಹೆಣ ಕಾಡಿನಲ್ಲಿ ಸಿಕ್ಕಿದೆ. ಆ ರಾತ್ರಿ ನಮ್ಮ ಜೊತೆಗಿದ್ದ ಎಂದಿದ್ದ ಗೆಳೆಯರು ಆಮೇಲೆ ಮಾತು ಬದಲಿಸಿದ್ದಾರೆ. ಕೋರ್ಟಿಲ್ಲ, ವಿಚಾರಣೆಯಿಲ್ಲ, ಊರು ತೀರ್ಪು ಕೊಟ್ಟು ಐದು ವರ್ಷವಾಗಿದೆ. ಸಿಂಗ್ ಮನೆಯ ಮುಂದೆ ಹಾಯುವವರು ಹೆಜ್ಜೆ ಚುರುಕು ಮಾಡುತ್ತಾರೆ, ಮಕ್ಕಳು ಆ ಗೇಟು ಮುಟ್ಟಿ ಬರುವ ಪಂಥ ಕಟ್ಟುತ್ತಾರೆ. ಪಿಪ್ ಎಂಬ ಹದಿನೇಳರ ಹುಡುಗಿ ಶಾಲೆಯ ಪ್ರಾಜೆಕ್ಟಿನ ಹೆಸರಿನಲ್ಲಿ ಈ ಪ್ರಕರಣವನ್ನು ಮತ್ತೆ ಬಿಚ್ಚುತ್ತಾಳೆ. ಸಾಲ್‌ನ ತಮ್ಮ ರವಿ ಅವಳಿಗೆ ಜೊತೆಯಾಗುತ್ತಾನೆ.

ಊರಿನವರು ಅಷ್ಟು ಸುಲಭವಾಗಿ ನಂಬಿದ್ದೇಕೆ ಎಂದು ಈ ಪುಸ್ತಕ ಓದಿದವರನ್ನು ಕೇಳಿದೆ. ಅವನ ಬಣ್ಣ, ಅವನ ಹೆಸರು ಎಂಬ ಉತ್ತರ ಬರುತ್ತದೆ ಎಂದುಕೊಂಡಿದ್ದೆ. ದ್ವಿತೀಯ ಪಿಯುಸಿಯ ಹುಡುಗಿಯೊಬ್ಬಳು ತಕ್ಷಣ ಹೇಳಿದ್ದು, "ಮೆಸೇಜ್ ಇತ್ತಲ್ಲ ಮೇಡಂ. ಸ್ಕ್ರೀನ್‌ಶಾಟ್ ಇದ್ದರೆ ಮುಗೀತು." ಪಕ್ಕದವಳು ತಿದ್ದಿದಳು, "ಸ್ಕ್ರೀನ್‌ಶಾಟ್ ಇದೆಯಂತೆ ಅಂದರೂ ಸಾಕು."

ಈ ಮಕ್ಕಳ ಭಯ ಭೂತದ್ದೂ ಅಲ್ಲ, ಕೊಲೆಗಾರನದ್ದೂ ಅಲ್ಲ. ರಾತ್ರಿ ಮಲಗಿ ಬೆಳಗ್ಗೆ ಏಳುವಷ್ಟರಲ್ಲಿ ತನ್ನ ಬಗ್ಗೆ ಏನೋ ಹರಡಿರುತ್ತದೆ, ಕಾಲೇಜಿನ ಗೇಟು ದಾಟುವಾಗ ಎಲ್ಲರಿಗೂ ಗೊತ್ತಿರುತ್ತದೆ, ತನಗೊಬ್ಬಳಿಗೆ ಮಾತ್ರ ಗೊತ್ತಿರುವುದಿಲ್ಲ ಎಂಬ ಭಯ. ಆ ಭಯವನ್ನು ಈ ಲೇಖಕಿಯರು ಕಥೆಯಾಗಿಸಿದರು, ನಾವು ಆಗಿಸಲಿಲ್ಲ. ಮಕ್ಕಳು ಇಂಗ್ಲಿಷಿನ ಹಿಂದೆ ಹೋದರು ಎನ್ನುವುದಕ್ಕಿಂತ ತಮ್ಮ ಭಯದ ಹಿಂದೆ ಹೋದರು ಎನ್ನುವುದೇ ಸರಿ. ಹಾಗಾಗಿ ಈ ಪುಸ್ತಕಗಳನ್ನು ಕಿತ್ತುಕೊಳ್ಳಬೇಕು ಎನ್ನುವ ನನ್ನ ಸಹೋದ್ಯೋಗಿಗಳ ಜೊತೆ ನಾನಿಲ್ಲ.

ನನ್ನ ತಕರಾರು ಬೇರೆ. ಈ ಥ್ರಿಲ್ಲರ್‌ಗಳು ಕೊನೆಗೆ ಓದುಗರನ್ನು ತೀರಾ ನಿರಾಳವಾಗಿ ಮನೆಗೆ ಕಳಿಸುತ್ತವೆ. ಗುಲ್ಲಿನ ಹಿಂದೆ ಯಾವಾಗಲೂ ಒಂದು ಸಂಚು ಇರುತ್ತದೆ, ಸಂಚಿನ ಹಿಂದೆ ಹೆಸರಿರುವ ಒಬ್ಬರೋ ಇಬ್ಬರೋ ಇರುತ್ತಾರೆ. ಬುದ್ಧಿವಂತ ಹುಡುಗಿಯೊಬ್ಬಳು ಎಳೆ ಹಿಡಿದು ಜಗ್ಗಿದರೆ ಅವರು ಹೊರಬೀಳುತ್ತಾರೆ. ಆಗ ಊರಿನ ಉಳಿದವರೆಲ್ಲ ತಮ್ಮಷ್ಟಕ್ಕೆ ತಾವೇ ನಿರಪರಾಧಿಗಳಾಗಿಬಿಡುತ್ತಾರೆ. ಐದು ವರ್ಷ ಸಿಂಗ್ ಮನೆಯ ಮುಂದೆ ಹೆಜ್ಜೆ ಚುರುಕು ಮಾಡಿದವರು ಸಹ.

ಇದು ಹೊಸ ಕಾಲದ ಲೇಖಕರ ದೋಷವಲ್ಲ. ನಮ್ಮ ಮನೆಗಳಲ್ಲಿ ಪ್ರತಿ ಚೌತಿಗೆ ಓದುವ ಶಮಂತಕ ಮಣಿಯ ಕಥೆಯ ಕಟ್ಟೂ ಇದೇ. ಸೂರ್ಯ ಕೊಟ್ಟ ಮಣಿಯನ್ನು ರಾಜ ಉಗ್ರಸೇನನಿಗೆ ಒಪ್ಪಿಸು ಎಂದು ಕೃಷ್ಣ ಕೇಳುತ್ತಾನೆ, ಸತ್ರಾಜಿತ ಒಪ್ಪುವುದಿಲ್ಲ. ಅವನ ತಮ್ಮ ಪ್ರಸೇನ ಮಣಿ ಧರಿಸಿ ಬೇಟೆಗೆ ಹೋದವನು ಹಿಂತಿರುಗುವುದಿಲ್ಲ. ಕೃಷ್ಣನೇ ಕೊಂದಿರಬೇಕು ಎಂದು ಸತ್ರಾಜಿತ ಅನ್ನುತ್ತಾನೆ, ದ್ವಾರಕೆಯ ಜನ ಅದನ್ನು ಕಿವಿಯಿಂದ ಕಿವಿಗೆ ದಾಟಿಸುತ್ತಾರೆ. ಭಾಗವತವೇ ಹೇಳುವಂತೆ, ಪಿಸುಮಾತಿನಲ್ಲಿ. ಕೃಷ್ಣ ಊರಿನವರನ್ನೇ ಜೊತೆಗೆ ಕರೆದುಕೊಂಡು ಕಾಡಿಗೆ ಹೋಗುತ್ತಾನೆ. ಪ್ರಸೇನ ಮತ್ತು ಅವನ ಕುದುರೆಯ ಹೆಣ, ಸಿಂಹದ ಹೆಜ್ಜೆ, ಸತ್ತ ಸಿಂಹ, ಕರಡಿಯ ಹೆಜ್ಜೆ, ಗುಹೆ. ಒಂದೊಂದು ಸುಳಿವನ್ನೂ ಸಾಕ್ಷಿಗಳ ಎದುರೇ ಓದುತ್ತಾ ಹೋಗುವ ಈ ಭಾಗ ಯಾವ ಪತ್ತೇದಾರಿ ಕಾದಂಬರಿಗೂ ಕಡಿಮೆಯಿಲ್ಲ. ಗುಹೆಯೊಳಗೆ ಜಾಂಬವಂತನ ಜೊತೆ ಇಪ್ಪತ್ತೆಂಟು ದಿನ ಕಾದಾಟ. ಹೊರಗೆ ಕಾದ ಜನ ಹನ್ನೆರಡು ದಿನ ನೋಡಿ ದುಃಖದಿಂದ ಮನೆಗೆ ಹೋಗಿರುತ್ತಾರೆ. ಕಡೆಗೆ ಮಣಿ ತಂದು ತುಂಬಿದ ಸಭೆಯಲ್ಲಿ ಸತ್ರಾಜಿತನಿಗೆ ಕೊಡುತ್ತಾನೆ. ಅವನು ತಲೆತಗ್ಗಿಸಿ ಮಗಳು ಸತ್ಯಭಾಮೆಯನ್ನು ಮದುವೆ ಮಾಡಿಕೊಡುತ್ತಾನೆ. ಅಪ್ಪನ ಬಾಯಿ ಮಾಡಿದ ತಪ್ಪಿಗೆ ದಂಡ ಕಟ್ಟುವವಳು ಮಗಳು. ಚಿಕ್ಕವಳಿದ್ದಾಗಿನಿಂದ ಕೇಳಿದರೂ ನನಗೆ ಈ ಲೆಕ್ಕ ಇನ್ನೂ ಹೊಂದಿಕೆಯಾಗಿಲ್ಲ.

ಪಿಸುಗುಟ್ಟಿದ ಜನರಿಗೆ ಏನಾಯಿತು? ಏನೂ ಇಲ್ಲ. ಚೌತಿಯ ಚಂದ್ರನನ್ನು ನೋಡಿದ್ದರಿಂದ ಅಪವಾದ ಬಂತು ಎಂದು ಕಥೆ ಹೇಳುತ್ತದೆ. ಅಂದರೆ ತಪ್ಪು ನೋಡಿದವನದ್ದು, ಇಲ್ಲವೇ ಚಂದ್ರನದ್ದು. ಆಡಿಕೊಂಡ ಬಾಯಿಗಳ ಸುದ್ದಿಯೇ ಇಲ್ಲ. ಮೇಲಾಗಿ, ಆರೋಪ ಹೊತ್ತವನೇ ಕಾಡು ಅಲೆದು ತಾನು ಕಳ್ಳನಲ್ಲ ಎಂದು ತೋರಿಸಬೇಕು. ಪಿಪ್‌ಳಂಥ ಗೆಳತಿ ಸಿಗದ, ಕೃಷ್ಣನಂಥ ತೋಳ್ಬಲ ಇಲ್ಲದ ಸಾಮಾನ್ಯ ಹುಡುಗ ಏನು ಮಾಡಬೇಕು ಎಂಬುದಕ್ಕೆ ಈ ಕಥೆಯಲ್ಲೂ ಉತ್ತರವಿಲ್ಲ, ಆ ಕಾದಂಬರಿಗಳಲ್ಲೂ ಇಲ್ಲ.

ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ 2018ರ ಜುಲೈ 13ರಂದು ನಡೆದದ್ದನ್ನು ನೆನೆಸಿಕೊಳ್ಳಿ. ಹೈದರಾಬಾದಿನಿಂದ ಸ್ನೇಹಿತನ ಊರಿಗೆ ಬಂದಿದ್ದ ಯುವಕರು ದಾರಿಯಲ್ಲಿ ಕಾರು ನಿಲ್ಲಿಸಿ, ಅಲ್ಲಿದ್ದ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ಆ ಬೇಸಿಗೆಯಿಂದಲೇ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿತ್ತು. ಜನ ಸುತ್ತುವರಿದರು, ಯುವಕರು ಹೆದರಿ ಕಾರು ಓಡಿಸಿದರು. ಕಾರಿಗಿಂತ ಮೊದಲು ಮೆಸೇಜು ಮುರ್ಕಿ ತಲುಪಿತ್ತು. ರಸ್ತೆಗೆ ಅಡ್ಡ ಹಾಕಿ ಜನ ಕಾದಿದ್ದರು. ಕಾರು ಹಳ್ಳಕ್ಕೆ ಬಿತ್ತು. ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬ ಹೊಡೆತಕ್ಕೆ ಸತ್ತ, ಉಳಿದವರು ಗಾಯಗೊಂಡರು, ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೂಲಿಗೆ ಬಂದಿದ್ದ ಯುವಕನೊಬ್ಬ ಇದೇ ಗುಲ್ಲಿಗೆ ಬಲಿಯಾಗಿದ್ದ. ಜುಲೈ 1ರಂದು ಮಹಾರಾಷ್ಟ್ರದ ಧುಲೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐವರು.

ಆ ದಿನಗಳಲ್ಲಿ ಎಲ್ಲರ ಫೋನಿನಲ್ಲೂ ಒಂದು ವಿಡಿಯೊ ಇತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ತೆಗೆದದ್ದು. ಮೂಲದಲ್ಲಿ ಆ ಇಬ್ಬರೂ ಹಿಂತಿರುಗಿ ಬಂದು ಮಗುವನ್ನು ಇಳಿಸುತ್ತಾರೆ, ಎಚ್ಚರಿಕೆಯ ಫಲಕ ಹಿಡಿಯುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಕತ್ತರಿಸಿದವರು ಯಾರು ಎಂದು ಹುಡುಕಿಕೊಂಡು ಹೋದರೆ ಒಂದು ಥ್ರಿಲ್ಲರ್ ಆಗುತ್ತದೆ, ಮೆಕ್‌ಮ್ಯಾನಸ್ ಚೆನ್ನಾಗಿಯೇ ಬರೆದಾರು. ಆದರೆ ಮುರ್ಕಿಯ ಆ ಯುವಕ ಸತ್ತದ್ದು ಕತ್ತರಿಸಿದ ಒಬ್ಬನಿಂದ ಅಲ್ಲ. ಒತ್ತಿ ಮುಂದಕ್ಕೆ ಕಳಿಸಿದ ಸಾವಿರಾರು ಬೆರಳುಗಳಿಂದ. ಕಳಿಸಿದವರಲ್ಲಿ ತಾಯಂದಿರು, ಅಜ್ಜಂದಿರು, ಶಾಲೆಯ ಮೇಷ್ಟ್ರುಗಳೂ ಇದ್ದಿರಬೇಕು. ಯಾರಿಗೂ ಸಂಚಿರಲಿಲ್ಲ. ಮಕ್ಕಳ ಮೇಲಿನ ಪ್ರೀತಿಯಿಂದಲೇ ಕಳಿಸಿದವರು. ಇಂಥ ಅಪರಾಧಿಯನ್ನು ಕೊನೆಯ ಅಧ್ಯಾಯದಲ್ಲಿ ಬಯಲು ಮಾಡುವುದು ಹೇಗೆ?

ಆಡಳಿತಕ್ಕೂ ಕಂಪನಿಗೂ ತೋಚುವುದು ಯಾವಾಗಲೂ ಐದರ ಲೆಕ್ಕ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗುತ್ತದೆ ಎಂಬ ವದಂತಿ ಹಬ್ಬಿ, ಬೆಂಗಳೂರಿನಿಂದ ಸಾವಿರಾರು ಜನ ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಆಗ ಕೇಂದ್ರ ಸರ್ಕಾರ ದಿನಕ್ಕೆ ಐದೇ ಎಸ್ಸೆಮ್ಮೆಸ್ಸು ಎಂದು ಮಿತಿ ಹಾಕಿತು. 2018ರ ಜುಲೈಯಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದು ಎಂದಿತು. ವೇಗ ಸ್ವಲ್ಪ ತಗ್ಗಿತು, ಬಿಡಿ. ಐದು ಜನ ತಲಾ ಐವರಿಗೆ ಕಳಿಸಿದರೆ ಎಷ್ಟು ಎಂಬುದು ನಾಲ್ಕನೇ ಕ್ಲಾಸಿನ ಗಣಿತ.

ಊರುಗಳಲ್ಲಿ ಪುರಾವೆ ಹುಡುಕುವ ರೀತಿಯೇ ಬೇರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನಮಗೆಲ್ಲ ಪ್ರಿಯ. ಹೆಗಲು ಮುಟ್ಟಿಕೊಂಡವನಿಗೆ ಬರೀ ತುರಿಕೆ ಇದ್ದಿರಬಹುದು ಎಂದು ಯಾರೂ ಕೇಳುವುದಿಲ್ಲ. ಮುರ್ಕಿಯ ದಾರಿಯಲ್ಲಿ ಯುವಕರು ಹೆದರಿ ಓಡಿದ್ದೇ ಅವರು ಕಳ್ಳರೆಂಬುದಕ್ಕೆ ಸಾಕ್ಷಿಯಾಯಿತು. ನಾನು ಹಿಂದೆ ಕೆಲಸ ಮಾಡಿದ ಒಂದು ಕಾಲೇಜಿನ ಹೆಸರಿನಲ್ಲಿ ಯಾರೋ ಇನ್‌ಸ್ಟಾಗ್ರಾಮಿನಲ್ಲಿ 'ಕನ್ಫೆಷನ್' ಪುಟ ನಡೆಸುತ್ತಿದ್ದರು. ಮಧ್ಯವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಇಂಥ ಸೆಕ್ಷನ್ನಿನ ಹುಡುಗ ಮಾರಿದ್ದಾನೆ ಎಂದು ಅದರಲ್ಲಿ ಬಂತು. ಹೆಸರಿರಲಿಲ್ಲ, ಗುರುತು ಸಿಗುವಷ್ಟು ವಿವರವಿತ್ತು. ಅವನು ಆ ವಾರ ಕಾಲೇಜಿಗೆ ಬಂದಿರಲಿಲ್ಲ, ಸೋದರಮಾವ ತೀರಿಕೊಂಡಿದ್ದರು. ಬರದಿದ್ದದ್ದೇ ಪುರಾವೆ. ತಿರುಗಿ ಬಂದವನು ಯಾರ ಜೊತೆಗೂ ಮಾತಾಡಲಿಲ್ಲ, ಅದೂ ಪುರಾವೆ. ಸ್ಟಾಫ್‌ರೂಮಿನಲ್ಲೂ "ಬೆಂಕಿ ಇಲ್ಲದೆ ಹೊಗೆ ಬರುತ್ತಾ" ಎಂದವರು ಇದ್ದರು. ಕಡೆಗೆ ತಿಳಿದದ್ದು, ಪ್ರಶ್ನೆಪತ್ರಿಕೆ ಹೊರಬಿದ್ದೇ ಇರಲಿಲ್ಲ. ಓಡಾಡುತ್ತಿದ್ದದ್ದು ಹಿಂದಿನ ವರ್ಷದ್ದು. ಪುಟ ಮಾಯವಾಯಿತು. ಲೈಕ್ ಒತ್ತಿದವರೆಲ್ಲ ಅದೇ ಬೆಂಚುಗಳಲ್ಲಿ ಅವನ ಅಕ್ಕಪಕ್ಕ ಕೂತು ವರ್ಷ ಮುಗಿಸಿದರು. ಇಲ್ಲಿ ಕೊಲೆಯೂ ಇಲ್ಲ, ಕೊಲೆಗಾರನೂ ಇಲ್ಲ. ಆದರೆ ಕಾದಂಬರಿ ಇದೆ, ಬರೆಯುವವರಿಲ್ಲ.

ಒಂದು ಆಕ್ಷೇಪಣೆಗೆ ಇಲ್ಲಿ ಉತ್ತರಿಸಲೇಬೇಕು. ಸುಳ್ಳು ಆರೋಪದ ಕಥೆಗಳನ್ನು ಹೆಚ್ಚು ಓದಿಸಿದರೆ, ನಾಳೆ ಹುಡುಗಿಯೊಬ್ಬಳು ನಿಜವಾದ ದೂರು ಹಿಡಿದು ಬಂದಾಗ "ಇವಳೂ ಸುಳ್ಳು ಹೇಳುತ್ತಿರಬಹುದು" ಎನ್ನುವ ಮನಸ್ಸು ಬೆಳೆಯುವುದಿಲ್ಲವೇ? ಬೆಳೆಯಬಹುದು. ಈ ಮಾದರಿಯ ಕಳಪೆ ಪುಸ್ತಕಗಳಲ್ಲಿ ದೂರು ಕೊಟ್ಟ ಹುಡುಗಿಯೇ ಕೊನೆಗೆ ಖಳನಾಯಕಿ ಆಗುವುದುಂಟು, ಅಂಥವನ್ನು ನಾನು ಯಾರ ಕೈಗೂ ಕೊಡುವುದಿಲ್ಲ. ಹಾಲಿ ಜಾಕ್ಸನ್ ಇಲ್ಲಿ ಜಾಣೆ. ಪಿಪ್‌ಳ ಸರಣಿಯ ಮೊದಲ ಪುಸ್ತಕದಲ್ಲಿ ಊರು ಶಿಕ್ಷೆ ಕೊಟ್ಟವನು ನಿರಪರಾಧಿ. 2020ರಲ್ಲಿ ಬಂದ ಎರಡನೆಯ ಪುಸ್ತಕದಲ್ಲಿ ಅತ್ಯಾಚಾರದ ಆರೋಪ ಹೊತ್ತ ಶ್ರೀಮಂತರ ಮನೆಯ ಹುಡುಗ ತಪ್ಪು ಮಾಡಿದ್ದರೂ ಕೋರ್ಟಿನಲ್ಲಿ ಖುಲಾಸೆಯಾಗುತ್ತಾನೆ. ಎರಡೂ ಒಂದೇ ಊರಿನಲ್ಲಿ, ಒಬ್ಬಳೇ ಹುಡುಗಿಯ ಕಣ್ಣೆದುರು. ಗುಂಪಿನ ತೀರ್ಪನ್ನೂ ನಂಬಬೇಡ, ನೊಂದವಳನ್ನೂ ತಳ್ಳಬೇಡ ಎಂದರೆ ನಡುವೆ ನಿಲ್ಲುವುದೆಲ್ಲಿ ಎಂಬ ಸಂಕಟದಲ್ಲಿ ಪಿಪ್ ಸೋಲುತ್ತಾಳೆ, ಸಿಟ್ಟಿಗೇಳುತ್ತಾಳೆ, ತಾನೂ ಮಾಡಬಾರದ್ದನ್ನು ಮಾಡುತ್ತಾಳೆ. ಈ ಸರಣಿಯ ಮೂರು ಪುಸ್ತಕಗಳಲ್ಲಿ ನನಗೆ ಎರಡನೆಯದೇ ಮೇಲು. ಹುಡುಗಿಯರು ಒಪ್ಪುವುದಿಲ್ಲ, ಅದರಲ್ಲಿ ಸಸ್ಪೆನ್ಸ್ ಕಡಿಮೆಯಂತೆ.

ನಿಜ ಜೀವನದಲ್ಲಿ ಇದು ಇನ್ನೂ ಗೋಜಲು. 2020ರ ಮೇ ತಿಂಗಳಲ್ಲಿ ದೆಹಲಿಯ ಶಾಲಾ ಹುಡುಗರ ಇನ್‌ಸ್ಟಾಗ್ರಾಂ ಗುಂಪೊಂದು ದೇಶದ ಸುದ್ದಿಯಾಯಿತು. ಹುಡುಗಿಯರ ಫೋಟೊ ಹಾಕಿಕೊಂಡು ಅಸಹ್ಯವಾಗಿ ಮಾತಾಡಿದ್ದು ನಿಜ, ಗುಂಪು ನಿಜ. ಆದರೆ ಅದರ ಜೊತೆ ಹರಿದಾಡಿ ಎಲ್ಲರ ರಕ್ತ ಕುದಿಸಿದ, ಅತ್ಯಾಚಾರದ ಯೋಜನೆಯಂತೆ ಕಾಣುತ್ತಿದ್ದ ಸ್ಕ್ರೀನ್‌ಶಾಟು ಆ ಗುಂಪಿನದ್ದಲ್ಲ. ಬೇರೊಂದು ಆ್ಯಪ್‌ನಲ್ಲಿ ಹುಡುಗಿಯೊಬ್ಬಳು ಹುಡುಗನ ಹೆಸರಿಟ್ಟುಕೊಂಡು, ಎದುರಿನವನ ಗುಣ ಪರೀಕ್ಷಿಸಲು ಆಡಿದ ಮಾತು ಎಂದು ದೆಹಲಿ ಪೊಲೀಸರು ಆಮೇಲೆ ತಿಳಿಸಿದರು. ಈಗ ಯಾರ ಪಕ್ಷ ಹಿಡಿಯುತ್ತೀರಿ? ಗುಂಪಿನ ಹುಡುಗರು ಸಜ್ಜನರಾಗಲಿಲ್ಲ, ಆ ಸ್ಕ್ರೀನ್‌ಶಾಟು ಅವರದ್ದೂ ಆಗಲಿಲ್ಲ. ಹದಿನಾರರ ವಯಸ್ಸಿನವರಿಗೆ ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಕಲಿಸುವುದು ಸೈಬರ್ ಪೊಲೀಸರ ಒಂದು ಗಂಟೆಯ ಭಾಷಣದಿಂದ ಆಗುವ ಕೆಲಸವಲ್ಲ. ಮುನ್ನೂರು ಪುಟ ಒಬ್ಬರ ಚರ್ಮದೊಳಗೆ ಕೂರಿಸುವ ಕಾದಂಬರಿಯಿಂದ ಆದೀತು.

ಅಂಥ ಕಾದಂಬರಿ ಕನ್ನಡದಲ್ಲಿ ಬೇಕು. ಪತ್ತೇದಾರಿ ನಮಗೆ ಹೊಸದಲ್ಲ. ಎನ್. ನರಸಿಂಹಯ್ಯನವರ ನೂರಾರು ಕಾದಂಬರಿಗಳು, ಅವರ ಪತ್ತೇದಾರ ಪುರುಷೋತ್ತಮ, ಒಂದು ತಲೆಮಾರಿಗೇ ಓದುವ ಚಟ ಹತ್ತಿಸಿದವು. ನಮ್ಮ ತಂದೆ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು ದಿಂಬಿನ ಕೆಳಗಿಟ್ಟುಕೊಂಡು ಓದಿದವರು. ಆಮೇಲೆ ತೇಜಸ್ವಿಯವರ 'ಜುಗಾರಿ ಕ್ರಾಸ್' ಬಂತು, ಅದು ಇವತ್ತಿಗೂ ನನ್ನ ಕೈಯ ತುರುಪು. ಆದರೆ ಹದಿಮೂರರಿಂದ ಹದಿನೆಂಟರವರಿಗೆಂದೇ, ಅವರ ಫೋನು, ಅವರ ಟ್ಯೂಷನ್ನು, ಅವರ ಬಸ್‌ಸ್ಟ್ಯಾಂಡು ಇಟ್ಟುಕೊಂಡು ಬರೆದದ್ದು ಕೇಳಿದರೆ ನನ್ನ ಬಳಿ ಕೈಗೆತ್ತಿ ಕೊಡಲು ಹೆಚ್ಚೇನಿಲ್ಲ. ಮಕ್ಕಳ ಸಾಹಿತ್ಯ ಎಂದರೆ ಮೊಲ, ನರಿ, ಅಜ್ಜಿ. ಅಲ್ಲಿಂದ ಒಂದೇ ನೆಗೆತಕ್ಕೆ 'ಸಂಸ್ಕಾರ'. ನಡುವೆ ಇರುವವರು ಫುಟ್‌ಪಾತಿಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತಾರೆ?

ಬರೆಯುವವರಲ್ಲಿ ನನ್ನ ಒಂದೇ ಕೋರಿಕೆ. ಇಂಗ್ಲಿಷಿನದ್ದನ್ನು ಹೆಸರು ಬದಲಿಸಿ ಇಳಿಸಬೇಡಿ, ಅದನ್ನು ಮಕ್ಕಳು ಎರಡನೇ ಪುಟದಲ್ಲೇ ಹಿಡಿಯುತ್ತಾರೆ. ಅವರು ಬರೆಯದೆ ಬಿಟ್ಟ ಪಾತ್ರವನ್ನು ಬರೆಯಿರಿ: ಸಂಚು ಹೂಡದ, ಕೆಟ್ಟವಳೂ ಅಲ್ಲದ, ರಾತ್ರಿ ಹತ್ತೂವರೆಗೆ ಹಾಸಿಗೆಯಲ್ಲಿ ಮಲಗಿಕೊಂಡೇ ಫಾರ್ವರ್ಡ್ ಮಾಡಿದ ಹುಡುಗಿಯನ್ನು. ಕಥೆ ಅವಳ ಬಾಯಲ್ಲೇ ಬರಲಿ. ಇನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆ ಮುಂದಿನ ಸಗಟು ಖರೀದಿಯಲ್ಲಿ ಹದಿಹರೆಯದವರ ಕಾದಂಬರಿಗೆಂದೇ ಹಣ ಮೀಸಲಿಡಲಿ, ಆಯ್ಕೆ ಸಮಿತಿಯಲ್ಲಿ ಆ ವಯಸ್ಸಿನ ಇಬ್ಬರು ಓದುಗರನ್ನು ಕೂರಿಸಲಿ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೆ ಮೊದಲ ಪ್ರತಿಗಳು ಹೋಗಲಿ, ಔರಾದ್ ತಾಲ್ಲೂಕಿನದ್ದನ್ನೂ ಸೇರಿಸಿ.